ಪುಸ್ತಕ ಬದಲಿಸಿದ ಮೇಷ್ಟ್ರು

ಜಿ.ಪಿ. ರಾಜರತ್ನಂ ಅಂದ್ರೆ ನಮಗೆ ಮೊದಲು ನೆನಪಾಗೋದು ಯೆಂಡ್ಕುಡ್ಕ ರತ್ನ. ಆದರೆ ಅವರು ಪುಟ್ಟ ಮಕ್ಕಳ ಮೇಷ್ಟ್ರೂ ಆಗಿದ್ದರು. ಹೆಸರಿನ ಜಿ.ಪಿ. ಅಂದ್ರೆ ಗುಂಡ್ಲು ಪಂಡಿತ. ಮನೆತನದ ನಂಟು ತೆರಕಣಾಂಬಿ ಪಕ್ಕದ ಗುಂಡ್ಲುಪೇಟೆಯದು. ಹುಟ್ಟಿದ್ದು ರಾಮನಗರದಲ್ಲಿ.

ಕನ್ನಡ ಎಂ.ಎ. ಮುಗಿಸಿ ತಂದೆಯವರ ಶಾಲೆಯಲ್ಲಿ ಪಾಠ ಹೇಳುವಾಗ, ಪಠ್ಯದ ಪದ್ಯಗಳು ಮಕ್ಕಳಿಗೆ ಹಿಡಿಸುವಂಥವಲ್ಲ ಅನ್ನಿಸಿತು. ತಪ್ಪನ್ನು ಮಕ್ಕಳ ಮೇಲೆ ಹೊರಿಸದೆ ತಾವೇ ಹೊಸ ಪದ್ಯ ಬರೆದರು. 'ತುತ್ತೂರಿ' ಬಂದದ್ದು ಹಾಗೆ. ಚಿಕ್ಕ ಸಾಲು, ಪ್ರಾಸ, ಕುಣಿಯೋ ಲಯ. ಅಕ್ಷರ ಬಾರದ ಮಗುವಿನ ಬಾಯಲ್ಲೂ ನಿಲ್ಲುತ್ತವೆ.

ಡಿಸ್ಲೆಕ್ಸಿಯಾ ಇರೋ ಮಗು ದಡ್ಡ ಅಲ್ಲ. ಅಕ್ಷರಕ್ಕೆ ಅದರ ಸದ್ದನ್ನು ಜೋಡಿಸೋದೇ ಅದಕ್ಕೆ ಕಷ್ಟ. ಪ್ರಾಸ ಆ ಸದ್ದನ್ನು ಕಿವಿಗೆ ಬಿಡಿಸಿ ಕೊಡುತ್ತೆ. ಅಷ್ಟೇ ಸಾಲದು ನಿಜ. ದ-ಧ, ಪ-ಷ, ಒತ್ತಕ್ಷರಗಳನ್ನು ಒಂದೊಂದಾಗಿ, ನಿಧಾನಕ್ಕೆ ತಿದ್ದಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ತೊಂದರೆಯನ್ನೂ ಗುರುತಿಸಿದೆ. ಆದರೆ ಹಳ್ಳಿ ಶಾಲೆಯಲ್ಲಿ ಅದನ್ನು ಮೊದಲು ಗಮನಿಸಬೇಕಾದವರು ಮೇಷ್ಟ್ರೇ.

ಕಾಲೇಜು ಕನ್ನಡ ಸಂಘಗಳನ್ನು ಬೆಳೆಸಿದ, 1978ರ ದೆಹಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ರಾಜರತ್ನಂ 1979ರಲ್ಲಿ ತೀರಿಕೊಂಡರು. ತೆರಕಣಾಂಬಿಯ ಮಗುವೊಂದು ಓದಲು ತಡವರಿಸಿದರೆ, ನಾವೂ ಬೈಯೋದು ಬಿಟ್ಟು ಮೊದಲು ಪಾಠ ಬದಲಿಸಿ ನೋಡೋಣ.