ಬಳ್ಳಾರಿ ರಾಘವ

ಬಳ್ಳಾರಿ ರಾಘವ (ಆಗಸ್ಟ್ 2, 1880 – ಏಪ್ರಿಲ್ 16, 1946) ದಕ್ಷಿಣ ಭಾರತದ ಪ್ರಸಿದ್ಧ ರಂಗನಟರು, ನಾಟಕ ನಿರ್ದೇಶಕರು ಹಾಗೂ ವಕೀಲರು. ಇವರ ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯುಲು. ತೆಲುಗು, ಕನ್ನಡ, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳ ನಾಟಕಗಳಲ್ಲಿ ಅಭಿನಯಿಸಿದ ಇವರು ಹವ್ಯಾಸಿ ರಂಗಭೂಮಿಗೆ ವೃತ್ತಿ ಕಂಪನಿಗಳಿಗೆ ಸರಿಸಮನಾದ ಮನ್ನಣೆಯನ್ನು ತಂದುಕೊಟ್ಟರು. ಜನಿಸಿದ್ದು ತಾಡಿಪತ್ರಿಯಲ್ಲಾದರೂ, ನೆಲೆ ನಿಂತು ಬೆಳೆದ ಬಳ್ಳಾರಿಯ ಹೆಸರೇ ಇವರ ಹೆಸರಿನೊಡನೆ ಶಾಶ್ವತವಾಗಿ ಸೇರಿಕೊಂಡಿತು.

ಜನನ ಮತ್ತು ವಿದ್ಯಾಭ್ಯಾಸ

ರಾಘವ ಅವರು ಇಂದಿನ ಆಂಧ್ರಪ್ರದೇಶದ ಅನಂತಪುರ ಸೀಮೆಯ ತಾಡಿಪತ್ರಿಯಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು ಬಳ್ಳಾರಿಯ ಪ್ರೌಢಶಾಲೆಯಲ್ಲಿ ತೆಲುಗು ಪಂಡಿತರಾಗಿದ್ದರು. ಹೀಗಾಗಿ ರಾಘವ ಅವರ ಬಾಲ್ಯ ಹಾಗೂ ಆರಂಭದ ವಿದ್ಯಾಭ್ಯಾಸ ಬಳ್ಳಾರಿಯಲ್ಲಿ ನಡೆದವು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1905ರಲ್ಲಿ ಮದರಾಸಿನಲ್ಲಿಯೇ ಕಾನೂನು ಪದವಿಯನ್ನು ಪಡೆದರು. ಪದವಿಯ ಬಳಿಕ ರಾಜಧಾನಿಯಲ್ಲಿ ನೆಲೆಸದೆ ಬಳ್ಳಾರಿಗೆ ಮರಳಿ ವಕೀಲಿ ವೃತ್ತಿಯನ್ನು ಕೈಗೊಂಡರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಗಳಿಸಿ ಸರ್ಕಾರಿ ವಕೀಲರಾಗಿಯೂ ನೇಮಕಗೊಂಡರು.

ಬಳ್ಳಾರಿಯ ರಂಗಪರಿಸರ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳ್ಳಾರಿ ನಗರವು ಹವ್ಯಾಸಿ ನಾಟಕದ ಪ್ರಮುಖ ಕೇಂದ್ರವಾಗಿ ರೂಪುಗೊಂಡಿತು. ರಾಘವ ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆಯನ್ನೂ, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನೂ ಅಲ್ಲಿ ನಡೆಸುತ್ತಿದ್ದರು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು. ಧರ್ಮವರಂ ಅವರು ಪೌರಾಣಿಕ ವಸ್ತುಗಳಿಗೂ ದುಃಖಾಂತ ನಾಟಕಗಳಿಗೂ ಹೆಸರಾದರೆ, ಕೋಲಾಚಲಂ ಅವರು ಐತಿಹಾಸಿಕ ನಾಟಕಗಳತ್ತ ಒಲವು ತೋರಿದರು. ಈ ಎರಡು ಸಭೆಗಳ ಪೈಪೋಟಿಯಿಂದ ಊರಿನ ಪ್ರೇಕ್ಷಕರಿಗೆ ನಾಟಕವನ್ನು ಹೋಲಿಸಿ ನೋಡುವ, ನಟರನ್ನು ವಿಮರ್ಶಿಸುವ ಅಭ್ಯಾಸ ಬೆಳೆಯಿತು.

ರಾಘವ ಅವರು ಬಾಲ್ಯದಲ್ಲಿಯೇ, ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ, ರಂಗಪ್ರವೇಶ ಮಾಡಿದರು. ಮೊದಲು ಸೋದರಮಾವನ ಬಳಗದಲ್ಲಿ ಪಳಗಿ, ಬಳಿಕ ಕೋಲಾಚಲಂ ಅವರ ನಾಟಕಗಳಲ್ಲಿಯೂ ಪಾತ್ರ ವಹಿಸಿದರು. ಇಂಗ್ಲಿಷ್ ನಾಟಕಗಳ ಪ್ರಯೋಗಕ್ಕಾಗಿ ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಒಂದನ್ನು ಆರಂಭಿಸಿದರು.

ಊರು ಮತ್ತು ಪ್ರೇಕ್ಷಕ ವರ್ಗ

ರಾಘವ ಅವರ ಖ್ಯಾತಿ ಬೆಳೆದ ಬಗೆಯಲ್ಲಿ ಬಳ್ಳಾರಿಯ ಪಾತ್ರ ದೊಡ್ಡದು. ಅಂದು ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು, ಎರಡು ಭಾಷೆಗಳ ಗಡಿಯಲ್ಲಿತ್ತು. ಪೂರ್ವದ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳಲ್ಲಿ ತೆಲುಗು ಪ್ರಬಲವಾಗಿದ್ದರೆ, ಪಶ್ಚಿಮದ ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಕನ್ನಡ ನಾಡಾಗಿದ್ದವು. ಇಂದಿನ ಕೊಟ್ಟೂರು ಹಾಗೂ ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳು ಆಗ ಪ್ರತ್ಯೇಕವಾಗಿ ರಚನೆಯಾಗಿರಲಿಲ್ಲ. ಈ ಎರಡೂ ಭಾಗಗಳ ಜನರು ನ್ಯಾಯಾಲಯ, ಕಂದಾಯ ಕಚೇರಿ ಹಾಗೂ ಹತ್ತಿ ವ್ಯಾಪಾರದ ಕೆಲಸಗಳಿಗೆ ಬಳ್ಳಾರಿಗೆ ಬರುತ್ತಿದ್ದರು. ದಂಡು ಪ್ರದೇಶದ ಕಾರಣ ಉರ್ದು ಹಾಗೂ ಇಂಗ್ಲಿಷ್ ಬಲ್ಲವರೂ ಊರಿನಲ್ಲಿದ್ದರು. ಹೀಗೆ ಒಂದೇ ಊರಿನಲ್ಲಿ ಹಲವು ಭಾಷೆಗಳ ಪ್ರೇಕ್ಷಕರು ದೊರೆತದ್ದು ರಾಘವ ಅವರ ಬಹುಭಾಷಾ ಅಭಿನಯಕ್ಕೆ ಹಿನ್ನೆಲೆಯಾಯಿತು.

ರೈಲು ಸಂಪರ್ಕವೂ ನೆರವಾಯಿತು. ಬಳ್ಳಾರಿಯಿಂದ ಗುಂತಕಲ್ ಜಂಕ್ಷನ್ ಮೂಲಕ ಮದರಾಸು ಹಾಗೂ ಬೆಂಗಳೂರುಗಳಿಗೆ, ಹೊಸಪೇಟೆಯ ಮೂಲಕ ಗದಗ ಮತ್ತು ಹುಬ್ಬಳ್ಳಿಗಳಿಗೆ ಹೋಗಬಹುದಾಗಿತ್ತು. ಬೇರೆ ಊರಿನ ಸಭೆಗಳ ಆಹ್ವಾನದ ಮೇರೆಗೆ ಹೋಗಿ ಅಭಿನಯಿಸಿ ಮರಳುವುದು ಇದರಿಂದ ಸಾಧ್ಯವಾಯಿತು. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್‌ನೊಂದಿಗೆ ಇವರಿಗೆ ನಿಕಟ ಸಂಬಂಧವಿದ್ದಿತು.

ಆದರೆ ಊರಿನ ಮಿತಿಯೂ ಇತ್ತು. ಒಂದೇ ನಾಟಕವನ್ನು ತಿಂಗಳುಗಟ್ಟಲೆ ನಡೆಸುವಷ್ಟು ಪ್ರೇಕ್ಷಕರು ಬಳ್ಳಾರಿಯ ಗಾತ್ರದ ಊರಿನಲ್ಲಿ ದೊರೆಯುವಂತಿರಲಿಲ್ಲ. ಅದೇ ಕಾಲದ ಕನ್ನಡ ವೃತ್ತಿ ಕಂಪನಿಗಳು ಈ ಸಮಸ್ಯೆಯನ್ನು ಊರೂರು ಸುತ್ತಿ ಪರಿಹರಿಸಿಕೊಂಡವು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಗೆ ತವರೂರಾದ ಗುಬ್ಬಿ ಹೆಸರನ್ನಷ್ಟೇ ನೀಡಿತು. ಅದರ ಪ್ರೇಕ್ಷಕರು ಕ್ಯಾಂಪ್ ಹೂಡಿದ ಪ್ರತಿ ಊರಿನಲ್ಲೂ ಇದ್ದರು. ಕೊಟ್ಟೂರು, ಮೈಲಾರದಂತಹ ಜಾತ್ರೆಯ ಊರುಗಳು ಇಂತಹ ಕಂಪನಿಗಳಿಗೆ ತಕ್ಕ ನೆಲೆಗಳು. ಬಯಲಾಟದ ಪರಂಪರೆಯುಳ್ಳ ಆ ಸೀಮೆಯ ಜನರು ರಾತ್ರಿಯಿಡೀ ಆಟ ನೋಡುವ ಅಭ್ಯಾಸವುಳ್ಳವರು. ರಾಘವ ಅವರದು ಬೇರೆ ದಾರಿ. ವಕೀಲಿಯ ಆದಾಯದಿಂದ ಜೀವನ ಸಾಗಿದ್ದರಿಂದ ಅವರು ಟಿಕೆಟಿನ ಹಣವನ್ನು ನಂಬಬೇಕಾಗಿರಲಿಲ್ಲ. ಹಲವು ಪ್ರಯೋಗಗಳನ್ನು ಸಾರ್ವಜನಿಕ ಕಾರ್ಯಗಳ ಸಹಾಯಾರ್ಥವಾಗಿ ನಡೆಸಿಕೊಟ್ಟರು. ಆದರೆ ಇದೇ ಕಾರಣದಿಂದ ಅವರ ಪ್ರೇಕ್ಷಕರು ಬಹುಪಾಲು ನಗರಗಳ ವಿದ್ಯಾವಂತ ವರ್ಗದವರಾಗಿದ್ದರು. ಜಾತ್ರೆಯ ಪೆಂಡಾಲಿನ ಗ್ರಾಮೀಣ ಪ್ರೇಕ್ಷಕರು ಮುಖ್ಯವಾಗಿ ವೃತ್ತಿ ಕಂಪನಿಗಳ ಪಾಲಾದರು.

ಅಭಿನಯ ಶೈಲಿ

ಅಂದಿನ ನಾಟಕಗಳಲ್ಲಿ ಪದ್ಯಗಳನ್ನು ದೀರ್ಘ ಆಲಾಪನೆಯೊಡನೆ ಹಾಡುವುದು ವಾಡಿಕೆ. ಹಾಡಿಗಾಗಿಯೇ ನಾಟಕಕ್ಕೆ ಬರುವವರು ಬಹಳ ಮಂದಿ ಇದ್ದರು. ರಾಘವ ಅವರು ಹಾಡನ್ನು ಮಿತಗೊಳಿಸಿ, ಸಹಜ ಸಂಭಾಷಣೆ, ಮುಖಭಾವ ಹಾಗೂ ಪಾತ್ರದ ಮನಸ್ಸಿನ ಸ್ಥಿತಿಗೆ ಪ್ರಾಧಾನ್ಯ ನೀಡಿದರು. ಭಾಷೆಯ ಗಡಿಯನ್ನು ದಾಟಿ ತಲುಪಬಲ್ಲ ಈ ಶೈಲಿ ಅವರನ್ನು ಬಳ್ಳಾರಿಯಾಚೆಗೂ ಪರಿಚಯಿಸಿತು. ಹಿರಣ್ಯಕಶಿಪು, ದುರ್ಯೋಧನ, ಚಾಣಕ್ಯ ಹಾಗೂ ಕೋಲಾಚಲಂ ಅವರ ರಾಮರಾಜು ಚರಿತ್ರಮು ನಾಟಕದ ಪಠಾಣ್ ರುಸ್ತುಂ ಇವರ ಪ್ರಸಿದ್ಧ ಪಾತ್ರಗಳು. ಷೇಕ್ಸ್‌ಪಿಯರನ ಒಥೆಲೊ ಮತ್ತು ಶೈಲಾಕ್ ಪಾತ್ರಗಳನ್ನೂ ನಿರ್ವಹಿಸಿದರು. 1927ರಲ್ಲಿ ಇವರ ದೀನಬಂಧು ಕಬೀರ ಎಂಬ ಹಿಂದಿ ನಾಟಕವನ್ನು ಮಹಾತ್ಮ ಗಾಂಧಿಯವರು ವೀಕ್ಷಿಸಿದರು. 1928ರಲ್ಲಿ ಇಂಗ್ಲೆಂಡಿಗೆ ತೆರಳಿ ಅಲ್ಲಿನ ರಂಗಭೂಮಿಯನ್ನು ಅಭ್ಯಸಿಸಿದರು.

ರಂಗಸುಧಾರಣೆ

ಸ್ತ್ರೀ ಪಾತ್ರಗಳನ್ನು ಪುರುಷರು ವಹಿಸುತ್ತಿದ್ದ ಕಾಲದಲ್ಲಿ, ಆ ಪಾತ್ರಗಳನ್ನು ಸ್ತ್ರೀಯರೇ ನಿರ್ವಹಿಸಬೇಕೆಂದು ರಾಘವ ಅವರು ಪ್ರತಿಪಾದಿಸಿದರು. ಕೊಮ್ಮೂರಿ ಪದ್ಮಾವತಿ ದೇವಿ, ಕೊಪ್ಪರಪು ಸರೋಜಿನಿ ಮೊದಲಾದ ವಿದ್ಯಾವಂತ ಮಹಿಳೆಯರು ಇವರ ಪ್ರೋತ್ಸಾಹದಿಂದ ರಂಗಕ್ಕೆ ಬಂದರು. ಪಿ. ವಿ. ರಾಜಮನ್ನಾರ್ ಅವರ ತಪ್ಪೆವರಿದಿ ಎಂಬ ಸಾಮಾಜಿಕ ನಾಟಕವನ್ನು ರಂಗಕ್ಕೆ ತಂದು, ಪೌರಾಣಿಕ ಕಥೆಗಳಿಗೆ ಒಗ್ಗಿದ್ದ ಪ್ರೇಕ್ಷಕರನ್ನು ಸಮಕಾಲೀನ ವಸ್ತುವಿನತ್ತ ಸೆಳೆದರು.

ಚಲನಚಿತ್ರಗಳು

ರಾಘವ ಅವರು ತೆಲುಗು ಚಲನಚಿತ್ರಗಳಲ್ಲಿಯೂ ನಟಿಸಿದರು. ದ್ರೌಪದಿ ಮಾನಸಂರಕ್ಷಣಂ (1936) ಚಿತ್ರದಲ್ಲಿ ದುರ್ಯೋಧನನ ಪಾತ್ರ ವಹಿಸಿದರು. ಅದೇ ವರ್ಷ ಅದೇ ಕಥಾವಸ್ತುವಿನ ದ್ರೌಪದಿ ವಸ್ತ್ರಾಪಹರಣಂ ಬಿಡುಗಡೆಯಾಗಿ ಯಶಸ್ವಿಯಾದ ಕಾರಣ ಈ ಚಿತ್ರ ಸೋಲು ಕಂಡಿತು. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ ರೈತುಬಿಡ್ಡ (1939) ಜಮೀನ್ದಾರಿ ಪದ್ಧತಿಯನ್ನು ಟೀಕಿಸಿದ ಚಿತ್ರವಾಗಿದ್ದು, ಜಮೀನ್ದಾರರ ತೀವ್ರ ವಿರೋಧವನ್ನು ಎದುರಿಸಿತು. ಚಂಡಿಕ (1940) ಇವರು ನಟಿಸಿದ ಮತ್ತೊಂದು ಚಿತ್ರ. ರಂಗಭೂಮಿಯಲ್ಲಿ ದೊರೆತಷ್ಟು ಖ್ಯಾತಿ ಚಿತ್ರರಂಗದಲ್ಲಿ ಇವರಿಗೆ ದೊರೆಯಲಿಲ್ಲ.

ನಿಧನ ಮತ್ತು ಸ್ಮರಣೆ

ರಾಘವ ಅವರು 1946ರ ಏಪ್ರಿಲ್ 16ರಂದು ನಿಧನರಾದರು. ಅವರ ಮರಣದ ಏಳು ವರ್ಷಗಳ ಬಳಿಕ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆ ವಿಭಜನೆಗೊಂಡಿತು. ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ, ಬಳ್ಳಾರಿ ನಗರ ಹಾಗೂ ಪಶ್ಚಿಮದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇದರಿಂದ ರಾಘವ ಅವರ ತವರು ಕರ್ನಾಟಕದಲ್ಲಿ ಉಳಿದರೆ, ಅವರ ಅಭಿಮಾನಿಗಳ ದೊಡ್ಡ ಭಾಗ ನೆರೆಯ ರಾಜ್ಯದಲ್ಲಿ ಉಳಿಯಿತು. ತೆಲುಗು ರಂಗಭೂಮಿಯ ಇತಿಹಾಸದಲ್ಲಿ ಅವರಿಗೆ ದೊರೆತ ವಿಸ್ತಾರವಾದ ಸ್ಥಾನ ಕನ್ನಡ ರಂಗ ಇತಿಹಾಸದಲ್ಲಿ ದೊರೆತಿಲ್ಲ.

ಬಳ್ಳಾರಿಯಲ್ಲಿ ರಾಘವ ಸ್ಮಾರಕ ಸಂಘ ಹಾಗೂ ರಾಘವ ಕಲಾಮಂದಿರ ಇವರ ನೆನಪನ್ನು ಉಳಿಸಿಕೊಂಡಿವೆ. ಕಲಾಮಂದಿರದಲ್ಲಿ ಕನ್ನಡ ಮತ್ತು ತೆಲುಗು ನಾಟಕಗಳೆರಡೂ ಪ್ರದರ್ಶನಗೊಳ್ಳುತ್ತವೆ. ಭಾರತೀಯ ಅಂಚೆ ಇಲಾಖೆಯು 1981ರಲ್ಲಿ ಇವರ ಗೌರವಾರ್ಥ ಅಂಚೆಚೀಟಿಯನ್ನು ಹೊರತಂದಿತು. ಆಂಧ್ರಪ್ರದೇಶದಲ್ಲಿ ಇವರ ಹೆಸರಿನ ರಂಗಪುರಸ್ಕಾರವನ್ನು ನೀಡಲಾಗಿದೆ.