ಅನಾರ್ಕಾಳ ಹೆಸರು

ನೊಯಿಡಾದ ಆಸ್ಪತ್ರೆಯೊಂದರಲ್ಲಿ ಹೆರಿಗೆಗೆ ಸೇರಿದ ದಿನ, ನರ್ಸ್ ಕೊಟ್ಟ ಒಪ್ಪಿಗೆ ಪತ್ರವನ್ನು ಓದದೆಯೇ ಸಹಿ ಹಾಕಿದ್ದೆ. ಆ ಒಂದು ಸಹಿಯ ಬೆಲೆ ತಿಳಿದದ್ದು ಅನಾರ್ಕಾಳ ಕಥೆ ಓದಿದ ಮೇಲೆ.

1845. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರು. ಹದಿನೇಳರ ಕಪ್ಪು ಹುಡುಗಿ ಅನಾರ್ಕಾ ಒಂದು ತೋಟದ ಗುಲಾಮಳು. ಮೂರು ದಿನ ಹೆರಿಗೆ ನೋವು ತಿಂದಳು. ಆ ಹೆರಿಗೆಯಿಂದ ಒಳಗೆ ತೂತು ಬಿದ್ದು, ಮೂತ್ರ, ಮಲ ಎರಡೂ ತಡೆಯಿಲ್ಲದೆ ಸೋರತೊಡಗಿದವು. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಆಗ ಅದಕ್ಕೆ ಖಚಿತ ಮದ್ದಿರಲಿಲ್ಲ.

ಆ ಊರಿನ ವೈದ್ಯ ಜೇಮ್ಸ್ ಮೇರಿಯನ್ ಸಿಮ್ಸ್ ಮನೆಯ ಹಿತ್ತಲಿನಲ್ಲಿ ಪುಟ್ಟ ಆಸ್ಪತ್ರೆ ಕಟ್ಟಿ, ಅನಾರ್ಕಾ, ಲೂಸಿ, ಬೆಟ್ಸಿ ಮತ್ತು ಇನ್ನೂ ಕೆಲವು ಗುಲಾಮ ಹೆಂಗಸರನ್ನು ಅಲ್ಲಿಟ್ಟುಕೊಂಡ. ಅಂದಿನ ಕಾನೂನಿಗೆ ಯಜಮಾನನ ಮಾತು ಸಾಕಿತ್ತು. ಬೇಡ ಎನ್ನುವ ಹಕ್ಕು ಆ ಹೆಂಗಸರಿಗಿರಲಿಲ್ಲ. ಚಮಚವನ್ನು ಬಗ್ಗಿಸಿ ಒಳಗೆ ನೋಡುವ ಉಪಕರಣ ಮಾಡಿದ. ನಾಲ್ಕು ವರ್ಷ ಪ್ರಯೋಗ ನಡೆಸಿದ. ಅನಾರ್ಕಾಳಿಗೇ ಸುಮಾರು ಮೂವತ್ತು ಶಸ್ತ್ರಚಿಕಿತ್ಸೆ! ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಬಹುದೆಂದು 1846ರಲ್ಲೇ ಜಗತ್ತಿಗೆ ಗೊತ್ತಾಗಿತ್ತು. ಇವರಿಗೆ ಅದನ್ನು ಕೊಡಲಿಲ್ಲ. ಕಪ್ಪು ಜನರಿಗೆ ನೋವು ಕಡಿಮೆ ಎಂದು ಅಂದಿನ ಬಹಳಷ್ಟು ಬಿಳಿಯರು ನಂಬಿದ್ದರು.

ಸೋತು ಸೋತು ಸಹಾಯಕ ವೈದ್ಯರು ಬಿಟ್ಟುಹೋದಾಗ, ಈ ಹೆಂಗಸರೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಶಸ್ತ್ರಚಿಕಿತ್ಸೆಗೆ ನೆರವಾದರು. 1849ರಲ್ಲಿ ಬೆಳ್ಳಿ ತಂತಿಯ ಹೊಲಿಗೆ ಹಾಕಿದಾಗ ಅನಾರ್ಕಾಳ ಗಾಯ ಕೂಡಿತು.

ಸಿಮ್ಸ್ ನ್ಯೂಯಾರ್ಕಿಗೆ ಹೋದ. 1855ರಲ್ಲಿ ಅಲ್ಲಿ ಮಹಿಳೆಯರ ಆಸ್ಪತ್ರೆ ಶುರುವಾಯಿತು. ಆಧುನಿಕ ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎನಿಸಿಕೊಂಡು 1883ರಲ್ಲಿ ತೀರಿಕೊಂಡ. ಅವನಿಗೆ ಪ್ರತಿಮೆಯೂ ಆಯಿತು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವ ಸಿಮ್ಸ್ ಸ್ಪೆಕ್ಯುಲಮ್ ಅವನ ಹೆಸರಿನದೇ. ಅವನ ವಿದ್ಯೆಯಿಂದ ಲಕ್ಷಾಂತರ ತಾಯಂದಿರಿಗೆ ಒಳಿತಾಯಿತು, ನಿಜ. ಆದರೆ ಆ ವಿದ್ಯೆಯನ್ನು ಮೈಮೇಲೆ ಹೊತ್ತವರು ಬೇರೆಯವರು.

2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಆ ಪ್ರತಿಮೆಯನ್ನು ತೆಗೆದರು. 2021ರಲ್ಲಿ ಮಾಂಟ್ಗೊಮರಿಯಲ್ಲಿ ಅನಾರ್ಕಾ, ಲೂಸಿ, ಬೆಟ್ಸಿಯರ ಎತ್ತರದ ಲೋಹದ ಪ್ರತಿಮೆಗಳು ನಿಂತವು.

ಗೆಳತಿಯರೇ, ಮುಂದಿನ ಸಲ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕೈಗೆ ಬಂದಾಗ ಅವಸರ ಬೇಡ. ಓದಿ, ಕೇಳಿ, ಆಮೇಲೆ ಸಹಿ ಹಾಕೋಣ. ಅನಾರ್ಕಾಳಿಗೆ ಸಿಗದೇ ಹೋದದ್ದು ಅದೇ.