ನಗಿಸುತ್ತಲೇ ನಂಟು ಬೆಳೆಸಿದ ಗುಬ್ಬಿ ವೀರಣ್ಣ

ಗುಬ್ಬಿ ವೀರಣ್ಣ ಎಂದೊಡನೆ ಎಲ್ಲರೂ ಹೇಳುವುದು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬಂದ ಕಥೆಯನ್ನೇ. ನನಗೆ ಮಾತ್ರ ಆ ಆನೆಗಿಂತ ದೊಡ್ಡದಾಗಿ ಕಾಣುವುದು ಅವರ ಹಾಸ್ಯ. ಏಕೆಂದರೆ ಅವರು ಕಂಪನಿಯ ಮಾಲೀಕರೂ ಹೌದು, ಅದೇ ಕಂಪನಿಯ ಹಾಸ್ಯನಟರೂ ಹೌದು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ, ಊರಿನ ಕಲಾಸಕ್ತರು ಸೇರಿ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದ್ದರು. ಎಳೆಯ ವಯಸ್ಸಿನಲ್ಲೇ ಅಲ್ಲಿ ಬಣ್ಣ ಹಚ್ಚಿದ ಹುಡುಗ ಮುಂದೆ ಅದರ ಒಡೆಯನಾದ. ಮೈಸೂರು ಅರಸರಿಂದ ‘ನಾಟಕರತ್ನ’ ಎಂಬ ಬಿರುದನ್ನೂ ಪಡೆದ.

ವೃತ್ತಿ ಕಂಪನಿಗೆ ಟಿಕೆಟ್ ಹಣವೇ ಉಸಿರು. ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ನಿನ್ನೆ ಬಂದವರು ಮತ್ತೆ ಬರಬೇಕು, ಬರುವಾಗ ನೆರೆಮನೆಯವರನ್ನೂ ಕರೆತರಬೇಕು. ಪರದೆ, ದೀಪ, ಸೀನರಿ ಕಣ್ಣಿಗೆ ಹಬ್ಬ ನಿಜ. ಆದರೆ ಪ್ರೇಕ್ಷಕರಿಗೆ ‘ಇದು ನಮ್ಮ ಕಂಪನಿ’ ಎನ್ನಿಸುವಂತೆ ಮಾಡಿದ್ದು ಹಾಸ್ಯ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣ ಕಳ್ಳನ ಪಾತ್ರ ಮಾಡುತ್ತಿದ್ದರು. ನಾಯಕಿಯ ಬೆನ್ನು ಹತ್ತುವ ಈ ಕಳ್ಳನನ್ನು ಜನ ದ್ವೇಷಿಸಬೇಕಿತ್ತು. ಅವರೋ ಅವನು ಯಾವಾಗ ಬರುತ್ತಾನೆಂದು ಕಾಯುತ್ತಿದ್ದರು! ಬರೆದ ಮಾತಿನ ಜೊತೆಗೆ ಆ ಕ್ಷಣಕ್ಕೆ ಹೊಳೆದ ಮಾತನ್ನೂ ಸೇರಿಸಿ, ಎದುರು ಕುಳಿತವರನ್ನು ಆಟದೊಳಗೆ ಎಳೆದುಕೊಳ್ಳುವುದು ಅವರ ರೀತಿ.

ನಮ್ಮ ಐಟಿ ಕ್ಷೇತ್ರದಲ್ಲಿ ಬಳಕೆದಾರರ ಮನಸ್ಸು ತಿಳಿಯಲು ಫೀಡ್‌ಬ್ಯಾಕ್ ಫಾರ್ಮ್ ಕಳಿಸುತ್ತೇವೆ. ವೀರಣ್ಣನವರಿಗೆ ಅದು ನಗೆಯ ರೂಪದಲ್ಲಿ ಆಗಿಂದಾಗ್ಗೆ ಸಿಗುತ್ತಿತ್ತು. ನೆಲದ ಮೇಲೆ ಕುಳಿತವರು ನಕ್ಕರೇ, ಕುರ್ಚಿಯವರು ನಕ್ಕರೇ, ಯಾರೂ ನಗಲಿಲ್ಲವೇ ಎಂಬುದು ಮಾಲೀಕರ ಕಿವಿಗೇ ನೇರವಾಗಿ ಬೀಳುತ್ತಿತ್ತು.

ಮಹಿಳಾ ವೇದಿಕೆಯವರಾದ ನಾವು ನೆನೆಯಲೇಬೇಕಾದ ಇನ್ನೊಂದು ವಿಷಯವಿದೆ. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ, ನಾಟಕದ ಹೆಂಗಸರನ್ನು ಸಮಾಜ ಹಗುರವಾಗಿ ನೋಡುತ್ತಿದ್ದ ಕಾಲವದು. ಆಗ ಅವರ ಕಂಪನಿಯಲ್ಲಿ ಹೆಣ್ಣುಮಕ್ಕಳು ರಂಗಕ್ಕೆ ಬಂದರು. ಅವರ ಪತ್ನಿಯರಾದ ಸುಂದರಮ್ಮ, ಬಿ. ಜಯಮ್ಮ ಇಬ್ಬರೂ ನಟಿಯರು. ಮಾಲೀಕರ ಮನೆಯವರೇ ರಂಗದ ಮೇಲಿರುವಾಗ, ನಾಟಕಕ್ಕೆ ಹೋಗಲು ಅಂಜುತ್ತಿದ್ದ ಗೃಹಿಣಿಗೂ ಎಷ್ಟು ಧೈರ್ಯ ಬಂದಿರಬಹುದು! ಆತ್ಮೀಯತೆ ಎಂದರೆ ಬರೀ ಸಿಹಿ ಮಾತಲ್ಲ, ನಂಬಿಕೆ ಹುಟ್ಟಿಸುವ ನಡತೆ ಎಂದು ನನಗೆ ಅನ್ನಿಸುವುದು ಇಲ್ಲಿಯೇ.

ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಈ ಕಂಪನಿಯ ಅನ್ನ ಉಂಡವರೇ. ಬಾಲಕನಾಗಿ ಬಂದು ಸೇರಿದ್ದ ಬಿ.ವಿ. ಕಾರಂತರನ್ನು ಮುಂದೆ ಓದಲು ಕಾಶಿಗೆ ಕಳಿಸಿದವರೂ ವೀರಣ್ಣನವರೇ. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಅಜ್ಜ ಮೆರೆಸಿದ ಕಳ್ಳನ ಪಾತ್ರವನ್ನು ಮೊಮ್ಮಗಳು ಬಿ. ಜಯಶ್ರೀ ಹೆಣ್ಣಾಗಿದ್ದುಕೊಂಡೇ ಮಾಡಿ ಗೆದ್ದರು.

ಕರ್ನಾಟಕದ ಹೊರಗೆ ಇರುವ ನಮ್ಮ ಸಂಘಗಳ ನಾಟಕಗಳಿಗೆ ಜನ ಬರುವುದಿಲ್ಲವೆಂಬ ಕೊರಗು ಎಲ್ಲೆಡೆ ಕೇಳುತ್ತದೆ. ನಾವು ಕಳಿಸುವ ಆಹ್ವಾನದಲ್ಲಿ ದಿನಾಂಕ, ಸ್ಥಳ, ಗಣ್ಯರ ಪಟ್ಟಿ ಎಲ್ಲವೂ ಇರುತ್ತದೆ. ಮುಖದಲ್ಲಿ ನಗು ಮೂಡಿಸುವ ಒಂದು ಸಾಲು ಮಾತ್ರ ಇರುವುದಿಲ್ಲ. ಇಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬಾರದು. ಆದರೆ ಅಮ್ಮ ಓದಿ ನಕ್ಕರೆ, ಏನಮ್ಮಾ ಅದು ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿಸಿದರೆ ಸಾಕು, ಮುಂದಿನ ನಾಟಕಕ್ಕೆ ಎರಡು ಕುರ್ಚಿ ಹೆಚ್ಚು ಹಾಕಬೇಕಾಗುತ್ತದೆ.